ಗುಡ್ಡೆ ಹತ್ತಿದ ಮರಗಳು: ಬರ, ಬೇರು ಮತ್ತು ಮುಳಿಹುಲ್ಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಣಿಪಾಲದಿಂದ ಸ್ವಲ್ಪ ಆಚೆ, ಒಂದು ಪದವಿನ ಅಂಚಿನಲ್ಲಿ ನಮ್ಮ ಮನೆ. ಪದವು ಅಂದರೆ ನಮ್ಮ ಕಡೆಯ ಮಾತಿನಲ್ಲಿ ಗುಡ್ಡೆಯ ತಲೆಯ ಮೇಲಿನ ಚಪ್ಪಟೆ ಬಯಲು. ಕೆಳಗೆ ಪೂರ್ತಿ ಮುರಕಲ್ಲು (ತೂತು ತೂತಾದ ಕೆಂಪು ಕಲ್ಲು), ಮೇಲೆ ಮುಳಿಹುಲ್ಲು (ಛಾವಣಿಗೆ ಹೊದಿಸುವ ಹುಲ್ಲು), ನಡುನಡುವೆ ಕುಂಟಾಲ, ನೆಲ್ಲಿ, ಗೇರು. ಗೆಳೆಯರನ್ನೂ ಅವರ ಮಕ್ಕಳನ್ನೂ ಅಲ್ಲಿ ಸುತ್ತಾಡಿಸುವುದು ನನಗೆ ತುಂಬಾ ಇಷ್ಟ. ಹಾಗೆ ಹೋದಾಗೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಪ್ರತಿ ಸಲ ಬಾಯಲ್ಲೇ ಹೇಳುತ್ತಿದ್ದೆ. ಈ ಸಲ ಬರೆದಿಟ್ಟಿದ್ದೇನೆ.

ಇಷ್ಟು ಮಳೆ ಬೀಳುವ ಕರಾವಳಿಯಲ್ಲಿ ಬರದ ಮಾತು ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಚಳ್ಳಕೆರೆ ಕಡೆ ಇದರ ಆರನೇ ಒಂದು ಪಾಲೂ ಇಲ್ಲ. ಆದರೆ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ದೀಪಾವಳಿ ಕಳೆದು ತುಳಸಿ ಪೂಜೆಯೂ ಆಯಿತು ಅಂದರೆ ಆಮೇಲೆ ಪತ್ತನಾಜೆಯ (ಮೇ ಕೊನೆಯ) ತನಕ ಒಂದೆರಡು ಗುಡುಗಿನ ಮಳೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಅದೂ ಪದವಿನ ಮೇಲೆ ಮಣ್ಣು ಎಷ್ಟಿದೆ? ಕೆಲವು ಕಡೆ ನಾಲ್ಕು ಬೆರಳು, ಕೆಲವು ಕಡೆ ಏನೂ ಇಲ್ಲ, ಬರಿಯ ಪಾದೆ, ಅಂದರೆ ಬಂಡೆ. ಬಿದ್ದ ನೀರು ಒಂದೋ ಹರಿದು ಹೋಗುತ್ತದೆ, ಇಲ್ಲವೇ ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ತೋಟದ ಬಾವಿಗೆ ಸೇರುತ್ತದೆ. ಬಾವಿಯವರಿಗೆ ಸಂತೋಷ, ಮೇಲಿರುವ ಗಿಡಕ್ಕೆ ಮಾತ್ರ ಡಿಸೆಂಬರ್ ಬರುವಾಗಲೇ ಬಾಯಾರಿಕೆ. ಮರಕ್ಕೆ ವರ್ಷದ ಒಟ್ಟು ಮಳೆಯ ಲೆಕ್ಕ ಗೊತ್ತಿಲ್ಲ. ಬೇರಿಗೆ ಎಷ್ಟು ದಿನ ನೀರು ಸಿಗಲಿಲ್ಲ ಅನ್ನುವುದಷ್ಟೇ ಅದಕ್ಕೆ ಗೊತ್ತು. ನಮ್ಮ ಪದವಿನಲ್ಲಿ ಅದು ಐದಾರು ತಿಂಗಳು.

ಮರ ಹುಲ್ಲುಗಾವಲಿಗೆ ಹರಡುವುದು ಅಂದರೆ ಏನು? ಮರ ನಡೆಯುವುದಿಲ್ಲವಲ್ಲ?

ಬೀಜ ನಡೆಯುತ್ತದೆ. ಕುಂಟಾಲದ ಹಣ್ಣು ತಿಂದ ಪಿಕಳಾರ ಪದವಿನ ಕಲ್ಲಿನ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಗೇರು ಹಣ್ಣನ್ನು ಬಾವಲಿ ಕಚ್ಚಿಕೊಂಡು ಹೋಗಿ ಬೀಜವನ್ನು ದೂರದಲ್ಲಿ ಬೀಳಿಸುತ್ತದೆ. ಹೀಗೆ ಬಿದ್ದ ನೂರಾರು ಬೀಜಗಳಲ್ಲಿ ಹೆಚ್ಚಿನವು ಮೊದಲ ಬೇಸಿಗೆಯಲ್ಲೇ ಸಾಯುತ್ತವೆ. ಬೇರು ಸ್ವಲ್ಪ ಬೇಗ ಇಳಿದದ್ದು, ಎಲೆ ಸ್ವಲ್ಪ ದಪ್ಪ ಇದ್ದದ್ದು ಉಳಿಯುತ್ತದೆ. ಅದರ ಬೀಜ ಮುಂದಿನ ಗುಡ್ಡೆಗೆ ಹೋಗುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು ಮರ ತನ್ನ ಆಯುಷ್ಯದಲ್ಲಿ ಎಲೆ ಕಡಿಮೆ ಮಾಡಿಕೊಳ್ಳಬಹುದು, ಬೇರು ಜಾಸ್ತಿ ಮಾಡಿಕೊಳ್ಳಬಹುದು. ಅದು ಸುಧಾರಿಸಿಕೊಳ್ಳುವುದು. ಒಂದು ಮರದ ವಂಶವೇ ಬದಲಾಗುವುದು ಬೇರೆ, ಅದಕ್ಕೆ ಸಾವಿರಾರು, ಲಕ್ಷಾಂತರ ವರ್ಷ ಬೇಕು. ಭೂಮಿಯ ಬಿಸಿ ಪ್ರದೇಶಗಳಲ್ಲಿ ಈಗ ಕಾಣುವ ದೊಡ್ಡ ಹುಲ್ಲುಗಾವಲುಗಳು ಬಹಳ ಹಳೆಯವಲ್ಲ, ಸುಮಾರು 80ರಿಂದ 50 ಲಕ್ಷ ವರ್ಷಗಳ ಹಿಂದೆ ಹರಡಿದವು. ಅಂದರೆ ಅಲ್ಲಿಗೆ ಹೋಗಿ ನೆಲೆಸಿದ ಮರಗಳೂ ಆಮೇಲೆಯೇ ಆ ಬದುಕನ್ನು ಕಲಿತವು.

ನಮಗೆ ಗೊತ್ತಿರುವ ಒಂದು ಮರದ ಉದಾಹರಣೆ ಕೊಡುತ್ತೀರಾ?

ಗೇರು! ಇದನ್ನು ಹೇಳದಿದ್ದರೆ ನನಗೆ ಸಮಾಧಾನವೇ ಇಲ್ಲ.

ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆ ಗೊತ್ತಿಲ್ಲದವರಿಲ್ಲ, ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ಒಂದು ಸಂಸ್ಥೆ ಇದೆ. ಆದರೆ ಗೇರು ನಮ್ಮ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಆ ಬ್ರೆಜಿಲ್‌ನಲ್ಲಿ ಗೇರಿನ ಅಣ್ಣ ತಮ್ಮಂದಿರು ಇನ್ನೂ ಇದ್ದಾರೆ. ಅಮೆಜಾನ್ ಕಾಡಿನಲ್ಲಿ ಇರುವ ಒಂದು ಜಾತಿ ನಮ್ಮ ತೆಂಗಿನ ಮರವನ್ನೂ ಮೀರಿಸುವಂಥ ಭಾರಿ ಮರ, ಕಾಡಿನ ಛಾವಣಿಯ ತನಕ ಏರುತ್ತದೆ. ಅದೇ ಕುಟುಂಬದ ಇನ್ನೊಂದು ಜಾತಿ ಸೆರಾಡೊ ಅನ್ನುವ ಹುಲ್ಲುಗಾವಲಿಗೆ ಇಳಿಯಿತು. ಅಲ್ಲಿ ಅದರ ಎತ್ತರ ಎಷ್ಟು ಗೊತ್ತಾ? ಹೆಚ್ಚಾಗಿ ನಮ್ಮ ಸೊಂಟದಷ್ಟೂ ಇಲ್ಲ. ನೋಡಿದರೆ ಪೊದೆ ಅನ್ನಿಸುತ್ತದೆ. ಆದರೆ ಮರ ಇರುವುದು ನೆಲದ ಒಳಗೆ! ಕಾಂಡ, ಕೊಂಬೆ ಎಲ್ಲ ಮಣ್ಣಿನ ಕೆಳಗೆ ಹರಡಿಕೊಂಡಿರುತ್ತವೆ, ಮೇಲೆ ಕಾಣುವುದು ಬರಿಯ ತುದಿಗಳು. ಬೆಂಕಿ ಬಿದ್ದರೆ ತುದಿ ಸುಡುತ್ತದೆ, ಒಳಗಿನ ಮರ ಮತ್ತೆ ಚಿಗುರುತ್ತದೆ. ಅದಕ್ಕೂ ಗೇರು ಹಣ್ಣು ಬಿಡುತ್ತದೆ, ತುದಿಯಲ್ಲಿ ಬೀಜ ನೇತಾಡುತ್ತದೆ, ನಮ್ಮದರ ಹಾಗೆಯೇ.

ಸೆರಾಡೊ ಮರುಭೂಮಿ ಅಲ್ಲ. ಅಲ್ಲೂ ಒಳ್ಳೆಯ ಮಳೆ ಇದೆ, ಆಮೇಲೆ ಸುಮಾರು ಐದು ತಿಂಗಳು ಒಣ ಕಾಲ, ಸಾರ ಇಲ್ಲದ ಕೆಂಪು ಮಣ್ಣು. ನಮ್ಮ ಪದವಿನ ಕಥೆ ಬೇರೆಯೇನಲ್ಲ. ನಾವು ನೆಡುವ ಗೇರು ಈ ಎರಡರ ನಡುವಿನದು, ಎತ್ತರ ತೀರಾ ಜಾಸ್ತಿ ಇಲ್ಲ, ಅಗಲಕ್ಕೆ ಹರಡುತ್ತದೆ, ಎಲೆ ಚರ್ಮದ ಹಾಗೆ ದಪ್ಪ. ಮುರಕಲ್ಲಿನ ಮೇಲೆ ಬೇರೆ ಹಣ್ಣಿನ ಮರ ಒದ್ದಾಡುವಲ್ಲಿ ಅದು ಸುಮ್ನೆ ನಿಂತು, ಹೂ ಬಿಟ್ಟು, ಏಪ್ರಿಲ್ ಬಿಸಿಲಲ್ಲಿ ಹಣ್ಣು ಕೊಡುತ್ತದಲ್ವಾ, ಅದರ ಹಿಂದೆ ಇಷ್ಟು ಉದ್ದದ ವಂಶಾವಳಿ ಇದೆ.

ಆಫ್ರಿಕಾದಲ್ಲೂ ಇಂಥ ನೆಲದೊಳಗಿನ ಮರಗಳಿವೆ. 1976ರಲ್ಲಿ ಫ್ರಾಂಕ್ ವೈಟ್ ಎಂಬ ಸಸ್ಯ ವಿಜ್ಞಾನಿ ಅವುಗಳ ಬಗ್ಗೆ ಬರೆದಾಗ ಕರೆದದ್ದೇ ‘ಆಫ್ರಿಕಾದ ನೆಲದಡಿಯ ಕಾಡುಗಳು’ ಅಂತ.

ನೀರಿಲ್ಲದಾಗ ಮರದ ಒಳಗೆ ನಿಜವಾಗಿ ಏನಾಗುತ್ತದೆ?

ಬಾವಿಯ ಪಂಪಿಗೆ ಗಾಳಿ ಹಿಡಿಯುವುದನ್ನು ನೋಡಿದ್ದೀರಾ? ನೀರು ಕೆಳಗಿಳಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ, ಮೋಟರ್ ತಿರುಗುತ್ತದೆ, ನೀರು ಬರುವುದಿಲ್ಲ. ಮರದಲ್ಲೂ ಸುಮಾರು ಹೀಗೆಯೇ.

ಮರದಲ್ಲಿ ಮೋಟರ್ ಇಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗುವಾಗ ಅದು ಹಿಂದಿನ ನೀರನ್ನು ಎಳೆಯುತ್ತದೆ. ಕೂದಲಿನಂಥ ಸಪೂರ ಕೊಳವೆಗಳಲ್ಲಿ ಬೇರಿನಿಂದ ಎಲೆಯ ತನಕ ನೀರಿನ ಒಂದೇ ಎಳೆ ಇರುತ್ತದೆ. ಮಣ್ಣು ಒಣಗಿದಷ್ಟೂ ಈ ಎಳೆ ಬಿಗಿಯಾಗುತ್ತದೆ. ಮಿತಿ ಮೀರಿದರೆ ಒಳಗೆ ಗಾಳಿಗುಳ್ಳೆ ಹುಟ್ಟಿ ಎಳೆ ಪಟ್ಟನೆ ಕಡಿಯುತ್ತದೆ. ಆ ಕೊಳವೆ ಕೆಲಸಕ್ಕಿಲ್ಲ. ಇದು ಬರಿಯ ಮಾತಲ್ಲ, ಹೀಗೆ ಕಡಿಯುವಾಗ ಆಗುವ ಸಣ್ಣ ಶಬ್ದವನ್ನು ವಿಜ್ಞಾನಿಗಳು 1960ರ ದಶಕದಲ್ಲೇ ಉಪಕರಣ ಇಟ್ಟು ಕೇಳಿಸಿಕೊಂಡಿದ್ದಾರೆ. ಇಂಥ ಕೊಳವೆಗಳು ಜಾಸ್ತಿಯಾದರೆ ಕೊಂಬೆ ಸಾಯುತ್ತದೆ, ಇನ್ನೂ ಜಾಸ್ತಿಯಾದರೆ ಮರವೇ.

ಹಾಗಾಗಿ ಒಣ ನೆಲಕ್ಕೆ ಹೋದ ಮರಗಳ ದೊಡ್ಡ ಬದಲಾವಣೆ ಕಣ್ಣಿಗೆ ಕಾಣುವಂಥದ್ದಲ್ಲ, ಮರದ ಒಳಗಿನ ಕೊಳವೆಗಳಲ್ಲಿದೆ. ಕೊಳವೆ ಇನ್ನೂ ಸಪೂರ, ಗೋಡೆ ಇನ್ನೂ ಗಟ್ಟಿ, ಒಂದರಿಂದ ಇನ್ನೊಂದಕ್ಕೆ ಗಾಳಿ ದಾಟದಂಥ ಜೋಡಣೆ. ಈ ವಿಷಯದಲ್ಲಿ ಈಗ ಗೊತ್ತಿರುವ ದಾಖಲೆ ಆಸ್ಟ್ರೇಲಿಯಾದ ಕ್ಯಾಲಿಟ್ರಿಸ್ ಎಂಬ ಸೈಪ್ರಸ್ ಕುಟುಂಬದ ಮರದ್ದು. 2015ರಲ್ಲಿ ಅಳೆದಾಗ ಅದರ ಕೊಳವೆಗಳ ಸಾಮರ್ಥ್ಯ ಅರ್ಧಕ್ಕೆ ಇಳಿಯಲು 188 ಬಾರ್‌ನಷ್ಟು ಎಳೆತ ಬೇಕಾಯಿತು. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೋಲಿಸಿ ನೋಡಿ. ಆಸ್ಟ್ರೇಲಿಯಾ ಕಳೆದ 3 ಕೋಟಿ ವರ್ಷಗಳಲ್ಲಿ ನಿಧಾನವಾಗಿ ಒಣಗುತ್ತಾ ಬಂದ ಹಾಗೆ ಈ ಗುಂಪಿನ ಮರಗಳೂ ಗಟ್ಟಿಯಾಗುತ್ತಾ ಬಂದವು.

ಇದಕ್ಕೆ ಬೆಲೆಯೂ ಇದೆ. ಸಪೂರ ಕೊಳವೆಯಲ್ಲಿ ನೀರು ನಿಧಾನ, ಬೆಳವಣಿಗೆಯೂ ನಿಧಾನ. ಬರ ತಡೆಯುವ ಮರ ನಾಲ್ಕು ವರ್ಷದಲ್ಲಿ ನೆರಳು ಕೊಡಲಿ ಅಂತ ಆಸೆ ಪಡಬಾರದು.

ಹಾಗಾದರೆ ಮಳೆಕಾಡಿನ ಮರಗಳಿಗೆ ಮಾತ್ರ ಭಯ, ಒಣ ನಾಡಿನ ಮರಗಳಿಗೆ ಭಯವಿಲ್ಲ ಅಲ್ವಾ?

ಇಲ್ಲ. 2012ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ 226 ಜಾತಿಯ ಮರಗಳ ಲೆಕ್ಕ ಹಾಕಿದಾಗ, ಸುಮಾರು ನೂರಕ್ಕೆ 70 ಜಾತಿಗಳು ನೀರಿನ ಎಳೆ ಕಡಿಯುವ ಮಿತಿಯ ತೀರಾ ಹತ್ತಿರದಲ್ಲೇ ಬದುಕುತ್ತಿರುವುದು ಕಂಡಿತು. ಮಳೆ ಜಾಸ್ತಿ ಇರುವ ಕಡೆಯೂ ಹಾಗೆ, ಕಡಿಮೆ ಇರುವ ಕಡೆಯೂ ಹಾಗೆ. ಪ್ರತಿ ಮರ ತನ್ನ ಊರಿನ ಮಾಮೂಲಿ ಬೇಸಿಗೆಗೆ ಸರಿಯಾಗಿ ತಯಾರಾಗಿರುತ್ತದೆ. ಅದಕ್ಕಿಂತ ಕೆಟ್ಟ ಬೇಸಿಗೆ ಬಂದರೆ ಎಲ್ಲರಿಗೂ ಕಷ್ಟವೇ.

ಎಲೆಯ ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ ಆಗುವುದಿಲ್ಲವೇ?

ಕೆಲವು ಮರಗಳು ಅದನ್ನೇ ಮಾಡುತ್ತವೆ. ಎಲೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಅವುಗಳನ್ನು ಮುಚ್ಚಿದರೆ ನೀರು ಉಳಿಯುತ್ತದೆ. ಆದರೆ ಅದೇ ಬಾಗಿಲಿನಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಬರಬೇಕು. ಮುಚ್ಚಿದರೆ ಅಡುಗೆ ನಿಂತಿತು. ಅಂಗಡಿ ಮುಚ್ಚಿ ಕೂತರೆ ಖರ್ಚು ಉಳಿಯಬಹುದು, ವ್ಯಾಪಾರ? ಎಷ್ಟು ತಿಂಗಳು ಹಾಗೆ ಇರಲಾದೀತು?

2002–03ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಭಾರಿ ಬರ ಬಂದಾಗ ಇದು ಸ್ಪಷ್ಟವಾಗಿ ಕಂಡಿತು. ಅಲ್ಲಿ ಪಿನ್ಯನ್ ಪೈನ್ ಮತ್ತು ಜುನಿಪರ್ ಒಟ್ಟಿಗೆ ಬೆಳೆಯುತ್ತವೆ. ಪೈನ್ ಬೇಗ ಬಾಯಿ ಮುಚ್ಚುವ ಮರ. ಜುನಿಪರ್ ಕೊಳವೆ ಗಟ್ಟಿ ಇರುವುದರಿಂದ ಬಾಯಿ ತೆರೆದುಕೊಂಡೇ ಎಳೆಯುತ್ತಿತ್ತು. ಪೈನ್ ಸೊರಗಿತು, ತೊಗಟೆ ಕೊರೆಯುವ ದುಂಬಿಗಳನ್ನು ತಡೆಯುವ ಶಕ್ತಿ ಉಳಿಯಲಿಲ್ಲ, ಗುಡ್ಡಗುಡ್ಡಗಳೇ ಕೆಂಪಾದವು. ಜುನಿಪರ್ ಹೆಚ್ಚಿನ ಕಡೆ ಉಳಿಯಿತು. ಅದರ ಹತ್ತಿರದ ಬಂಧುವೊಂದು ಈಗ ಅಮೆರಿಕದ ನಡುವಿನ ಹುಲ್ಲುಗಾವಲುಗಳಿಗೆ ನುಗ್ಗುತ್ತಿದೆ, ಅಲ್ಲಿನ ದನ ಸಾಕುವವರಿಗೆ ಅದೇ ದೊಡ್ಡ ತಲೆನೋವು.

ಬೇರು ಎಷ್ಟು ಆಳಕ್ಕೆ ಹೋಗುತ್ತದೆ?

ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಒಂದು ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದೆ. ಅರಿಜೋನಾದ ಗಣಿಯೊಂದರಲ್ಲಿ ಮೆಸ್ಕೀಟ್ ಮರದ ಬೇರು 53 ಮೀಟರ್ ಕೆಳಗೆ ಕಂಡಿತ್ತು. ಈ ಮೆಸ್ಕೀಟ್ ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಬಳಗ. ಇವು ದಾಖಲೆಗಳು, ಎಲ್ಲ ಮರವೂ ಹೀಗಲ್ಲ.

ಆದರೆ ನನಗೆ ಆಳಕ್ಕಿಂತ ಮುಖ್ಯ ಅನ್ನಿಸುವುದು ಆತುರ. ಹುಲ್ಲಿನ ಬೇರು ಮೇಲಿನ ಮಣ್ಣಿನ ನೀರನ್ನೆಲ್ಲ ಹೀರುತ್ತದೆ. ಹುಲ್ಲಿನ ನಡುವೆ ಮೊಳೆತ ಮರದ ಸಸಿ ಮೊದಲ ಮಳೆಗಾಲ ಮುಗಿಯುವುದರೊಳಗೆ ಅದನ್ನು ದಾಟಿ ಕೆಳಗೆ ಇಳಿಯಬೇಕು. ಅದಕ್ಕೇ ಒಣ ನೆಲದ ಮರಗಳ ಸಸಿ ಮೇಲೆ ಎರಡು ಎಲೆ, ಕೆಳಗೆ ಮೊಳದುದ್ದ ಬೇರು. ಕೆಲವದರಲ್ಲಿ ಮೇಲಿನ ಚಿಗುರು ಪ್ರತಿ ಬೇಸಿಗೆಯಲ್ಲೂ ಸತ್ತು ಹೋಗುತ್ತದೆ, ಬೇರು ಮಾತ್ರ ದಪ್ಪವಾಗುತ್ತಾ ಇರುತ್ತದೆ, ಹೀಗೆ ವರ್ಷಗಟ್ಟಲೆ ಕಳೆದು ಒಂದು ಮಳೆಗಾಲದಲ್ಲಿ ಒಮ್ಮೆಲೇ ಮೇಲೆದ್ದು ಬಿಡುತ್ತದೆ. ಉತ್ತರ ಭಾರತದ ಸಾಲ ಮರದಲ್ಲಿ ಅರಣ್ಯದವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ.

ನಮ್ಮ ಮುರಕಲ್ಲಿನಲ್ಲಿ ಬಿರುಕು ಸಿಕ್ಕಿದವನೇ ಗೆದ್ದ. ಪದವಿನಲ್ಲಿ ಮರಗಳು ಗೆರೆ ಎಳೆದ ಹಾಗೆ ಸಾಲಾಗಿ ಕಂಡರೆ ಕೆಳಗೆ ನೋಡಿ, ಹೆಚ್ಚಾಗಿ ಅಲ್ಲೊಂದು ಬಿರುಕು ಇರುತ್ತದೆ.

ಇನ್ನೊಂದು ಚೆಂದದ ವಿಷಯ. ಆಳದ ಬೇರು ಎಳೆದ ನೀರು ರಾತ್ರಿ ಹೊತ್ತು, ಎಲೆಯ ಬಾಯಿ ಮುಚ್ಚಿದ್ದಾಗ, ಮೇಲಿನ ಬೇರುಗಳ ಮೂಲಕ ಒಣ ಮಣ್ಣಿಗೆ ಸ್ವಲ್ಪ ಸೋರುತ್ತದೆ. ಪಕ್ಕದ ಹುಲ್ಲು, ಸಣ್ಣ ಗಿಡ ಅದನ್ನು ಕುಡಿಯುತ್ತವೆ. 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು.

ನೀರೇ ಇಲ್ಲದ ಮಾರ್ಚ್–ಏಪ್ರಿಲ್‌ನಲ್ಲಿ ಮರಗಳು ಚಿಗುರುವುದು ಹೇಗೆ?

ಯುಗಾದಿಯ ಹೊತ್ತಿಗೆ ಚಿಗುರು ಅನ್ನುವುದು ನಮಗೆ ಅಷ್ಟು ಸಹಜ ಆಗಿಬಿಟ್ಟಿದೆ, ಅದು ಎಷ್ಟು ವಿಚಿತ್ರ ಅಂತ ಯೋಚಿಸುವುದೇ ಇಲ್ಲ. ಮಳೆಗೆ ಇನ್ನೂ ಎರಡು ತಿಂಗಳಿದೆ, ಬಿಸಿಲು ನೆತ್ತಿ ಸುಡುತ್ತದೆ, ಆಗ ಹೊಂಗೆ, ಅಶ್ವತ್ಥ ಎಳೆ ಎಲೆ ಬಿಡುತ್ತವೆ. ಹಳೆ ಎಲೆ ಉದುರಿಸಿದ ಮರದಲ್ಲಿ ನೀರಿನ ಖರ್ಚು ನಿಲ್ಲುತ್ತದೆ, ಬೇರು ಎಳೆದದ್ದು ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಆ ಉಳಿತಾಯದಲ್ಲಿ ಚಿಗುರು. ಮಳೆ ಬಂದ ಮೊದಲ ದಿನವೇ ಬಲಿತ ಎಲೆ ಕೆಲಸಕ್ಕೆ ಸಿದ್ಧ ಇರಬೇಕು ಅನ್ನುವ ಏರ್ಪಾಡು ಇದು. ಆಫ್ರಿಕಾದ ಬಾವೊಬಾಬ್ ಮರವೂ ಮಳೆಗೆ ಮೊದಲು ಎಲೆ ಬಿಡಲು ತನ್ನ ಕಾಂಡದ ನೀರನ್ನೇ ಬಳಸುತ್ತದೆ.

ಮತ್ತಿ ಮರ ಇನ್ನೂ ಒಂದು ಹೆಜ್ಜೆ ಮುಂದೆ. ಘಟ್ಟದ ಮೇಲಿನ ಒಣ ಕಾಡುಗಳಲ್ಲಿ ಕೆಲವು ಮತ್ತಿಗಳ ಕಾಂಡದಲ್ಲಿ ನೀರು ತುಂಬಿ ಉಬ್ಬಿರುತ್ತದೆ, ಕಚ್ಚು ಹಾಕಿದರೆ ಚಿಮ್ಮುತ್ತದೆ. ದಯವಿಟ್ಟು ವಿಡಿಯೋಗಾಗಿ ಯಾರೂ ಕಡಿಯಬೇಡಿ. ಆ ನೀರು ಮರದ್ದು.

ಅಕೇಶಿಯಾ ನಮ್ಮ ಗುಡ್ಡೆಗಳಲ್ಲಿ ಇಷ್ಟು ಸುಲಭವಾಗಿ ಹೇಗೆ ಬೆಳೆಯಿತು?

ಅದು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯದು. ಅದರ ಎಲೆ ಎಲೆಯೇ ಅಲ್ಲ! ಚಪ್ಪಟೆಯಾದ ಎಲೆತೊಟ್ಟು. ನಂಬಿಕೆ ಬರದಿದ್ದರೆ ಆಗಷ್ಟೇ ಮೊಳೆತ ಅಕೇಶಿಯಾ ಸಸಿ ಹುಡುಕಿ, ಅದರಲ್ಲಿ ತೊಟ್ಟಿನ ತುದಿಗೆ ಹುಣಸೆ ಎಲೆಯಂಥ ಪುಟ್ಟ ಎಲೆಗಳಿರುತ್ತವೆ. ದೊಡ್ಡದಾಗುತ್ತಾ ಅವು ಮಾಯವಾಗಿ ತೊಟ್ಟೇ ಅಗಲವಾಗುತ್ತದೆ. ಗಟ್ಟಿ, ದಪ್ಪ, ಬಿಸಿಲಿಗೆ ಬಾಡದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುವುದರಿಂದ ಬಡ ಮಣ್ಣಿನ ಚಿಂತೆಯೂ ಇಲ್ಲ. ಬೀಜದ ಸಿಪ್ಪೆ ಗಟ್ಟಿ, ಮಣ್ಣಿನಲ್ಲಿ ವರ್ಷಗಳ ಕಾಲ ಕಾಯುತ್ತದೆ. ಮರವಾಗಿ ಅದು ಜಾಣ. ನಮ್ಮ ಪದವಿಗೆ ಒಳ್ಳೆಯದಾ ಅನ್ನುವುದು ಬೇರೆ ಪ್ರಶ್ನೆ.

ಹಿಂದೆ ಪದವುಗಳು ಬಯಲಾಗಿದ್ದವು, ಈಗ ತಾನಾಗಿಯೇ ಮರ ಬರುತ್ತಿದೆ. ಯಾಕೆ?

ಮುಳಿಹುಲ್ಲು ಕೊಯ್ಯುವವರು ಇಲ್ಲ, ಅದಕ್ಕೆ. ನಮ್ಮ ಅಜ್ಜಿಯ ಕಾಲಕ್ಕೆ ಮನೆ, ದನದ ಹಟ್ಟಿ ಎರಡಕ್ಕೂ ಮುಳಿಯ ಮಾಡು (ಛಾವಣಿ). ವರ್ಷ ವರ್ಷ ಗುಡ್ಡೆಗೆ ಹೋಗಿ ಕೊಯ್ದು ಹೊರೆ ಹೊತ್ತು ತರಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು, ನಿಧಾನವಾಗಿ ಮನೆಮನೆಗೆ ಹಂಚು ಬಂತು, ಆಮೇಲೆ ಕಾಂಕ್ರೀಟು. ಮುಳಿ ಯಾರಿಗೂ ಬೇಡವಾಯಿತು. ದನಗಳೂ ಕಡಿಮೆಯಾದವು. ಕೊಯ್ಲು, ಮೇವು, ಆಗಾಗ ಬೀಳುತ್ತಿದ್ದ ಬೆಂಕಿ ಇವೆಲ್ಲ ಮರದ ಸಸಿಗಳನ್ನು ತಡೆಯುತ್ತಿದ್ದವು.

ಇದರ ಹಿಂದೆ ಒಂದು ದೊಡ್ಡ ನಿಯಮ ಇದೆ. ಈಗ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿರುವ ವಿಜ್ಞಾನಿ ಮಹೇಶ್ ಶಂಕರನ್ ಮತ್ತು ಜೊತೆಗಾರರು 2005ರಲ್ಲಿ ಆಫ್ರಿಕಾದ ಹುಲ್ಲುಗಾವಲುಗಳ ಲೆಕ್ಕ ತೆಗೆದು ತೋರಿಸಿದ್ದು ಇದು: ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಇದ್ದರೆ ಮರಗಳಿಗೆ ನೀರೇ ಮಿತಿ ಹಾಕುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮರಗಳು ಪೂರ್ತಿ ಮುಚ್ಚಿಕೊಳ್ಳಬಹುದು, ಬಯಲಾಗಿ ಉಳಿಸುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ನಮ್ಮದು ಎರಡನೆಯ ಥರದ ಜಾಗ, ಅದರ ಜೊತೆಗೆ ತೆಳು ಮಣ್ಣು. ಮಣ್ಣು ಇರುವ ಕಡೆ ಮರ ಬರುತ್ತಿದೆ, ಬರಿ ಪಾದೆ ಇರುವಲ್ಲಿ ಇನ್ನೂ ಹುಲ್ಲೇ.

ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರುವುದೂ ಪ್ರಪಂಚದ ಹಲವು ಕಡೆ ಮರಗಳಿಗೆ ಸಹಾಯ ಮಾಡಿದೆ. ಎಲೆಯ ಬಾಯಿ ಅರ್ಧ ತೆರೆದರೂ ಸಾಕಾಗುತ್ತದೆ, ನೀರು ಉಳಿಯುತ್ತದೆ.

ಮರ ಬಂದರೆ ಒಳ್ಳೆಯದಲ್ವಾ? ಖಾಲಿ ಬಿದ್ದ ಗುಡ್ಡೆ ಪೂರ್ತಿ ನೆಟ್ಟುಬಿಡೋಣ.

ಸ್ವಲ್ಪ ನಿಲ್ಲಿ ಮಾರಾಯ್ರೇ. ಅದು ಖಾಲಿ ಇಲ್ಲ.

ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಒಮ್ಮೆ ಪದವಿನ ಮೇಲೆ ಬಗ್ಗಿ ನೋಡಿ. ಪಾದೆಯ ಮೇಲಿನ ತೆಳು ನೀರಿನಲ್ಲಿ ಬೆರಳೆತ್ತರದ, ಹುಳ ಹಿಡಿದು ತಿನ್ನುವ ಗಿಡಗಳಿರುತ್ತವೆ. ನೀಲಿ ಹೂವಿನ ಹಾಸು, ಬಿಳಿ ಗುಂಡಿಯಂಥ ಹೂಗಳು, ನೆಲದ ಆರ್ಕಿಡ್‌ಗಳು. ಟಿಟ್ಟಿಭ ನೆಲದಲ್ಲೇ ಮೊಟ್ಟೆ ಇಡುತ್ತದೆ. ಇವುಗಳಿಗೆ ಬಿಸಿಲು ಬೇಕು. ಮೇಲೆ ಅಕೇಶಿಯಾದ ನೆರಳು, ಕೆಳಗೆ ಅದರ ಒಣ ಎಲೆಯ ದಪ್ಪ ಹಾಸು ಬಿದ್ದರೆ ಒಂದೂ ಉಳಿಯುವುದಿಲ್ಲ. ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದಲ್ಲಿ ಒಳ್ಳೆಯ ಉದ್ದೇಶದಿಂದಲೇ ಬಳ್ಳಾರಿ ಜಾಲಿ ಹಾಕಿದರು, ಈಗ ಅಲ್ಲಿನ ದನಗಾಹಿಗಳು ಹುಲ್ಲಿಗಾಗಿ ಅದನ್ನು ಕೀಳಿಸುತ್ತಿದ್ದಾರೆ. ಮರ ನೆಡಲು ಜಾಗ ಬೇಕಿದ್ದರೆ ರಸ್ತೆ ಬದಿ ಇದೆ, ಶಾಲೆಯ ಆವರಣ ಇದೆ, ಹಾಳುಬಿದ್ದ ಕಲ್ಲಿನ ಕೋರೆ ಇದೆ.

ನಮ್ಮ ಮನೆ ಗುಡ್ಡೆಯಲ್ಲಿ ನೆಟ್ಟ ಗಿಡಗಳು ಮಾರ್ಚ್‌ಗೆ ಸಾಯುತ್ತವೆ. ಏನು ಮಾಡಲಿ?

ನನಗೂ ಆಗಿದೆ. ಒಂದು ವರ್ಷ ನರ್ಸರಿಯಿಂದ ಆಳೆತ್ತರದ ನಲವತ್ತು ಗಿಡ ತಂದು ನೆಟ್ಟೆ. ಮುಂದಿನ ಬೇಸಿಗೆ ದಾಟಿದ್ದು ಆರು. ಸತ್ತದ್ದನ್ನು ಕಿತ್ತು ನೋಡಿದರೆ ಬೇರು ಚೀಲದ ಆಕಾರದಲ್ಲೇ ಸುತ್ತಿಕೊಂಡಿತ್ತು, ಒಂದಿಂಚೂ ಕೆಳಗೆ ಇಳಿದಿರಲಿಲ್ಲ. ಆ ದಿನ ತುಂಬಾ ಬೇಸರವಾಗಿತ್ತು.

ಈಗ ಸಣ್ಣ ಸಸಿ ನೆಡುತ್ತೇನೆ, ಇಲ್ಲವೇ ಬೀಜವನ್ನೇ ಹಾಕುತ್ತೇನೆ. ಗೇರು, ಕುಂಟಾಲ, ನೇರಳೆ ಬೀಜದಿಂದ ಚೆನ್ನಾಗಿ ಬರುತ್ತವೆ, ಬೇರು ನೇರ ಇಳಿಯುತ್ತದೆ. ಜೂನ್‌ನ ಮೊದಲ ಮಳೆಗೇ ಹಾಕಿ, ವನಮಹೋತ್ಸವದ ತನಕ ಕಾಯಬೇಡಿ, ಒಂದೊಂದು ವಾರವೂ ಬೇರಿಗೆ ಮುಖ್ಯ. ಪಾದೆ ಒಡೆದು ಗುಂಡಿ ಮಾಡುವ ಬದಲು ಬಿರುಕು ಹುಡುಕಿ. ಬೇಸಿಗೆಯಲ್ಲಿ ದಿನಾ ಒಂದು ಚೊಂಬು ನೀರು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಅದರ ಬದಲು ಹತ್ತು ದಿನಕ್ಕೊಮ್ಮೆ ಒಂದು ಕೊಡ ನಿಧಾನಕ್ಕೆ ಇಂಗಿಸಿ, ಬುಡಕ್ಕೆ ದಪ್ಪಗೆ ತರಗೆಲೆ ಹಾಕಿ. ಎರಡನೇ ಬೇಸಿಗೆಯಲ್ಲಿ ಅಂತರ ಜಾಸ್ತಿ ಮಾಡಿ, ಮೂರನೆಯದರಲ್ಲಿ ನಿಲ್ಲಿಸಿ. ಮೇಲೆ ಬೆಳೆಯಲಿಲ್ಲ ಅಂತ ಮೊದಲ ವರ್ಷ ಗೊಬ್ಬರ ಸುರಿಯಬೇಡಿ.

ಇದನ್ನೆಲ್ಲ ಕಣ್ಣಾರೆ ನೋಡಲು ಎಲ್ಲಿಗೆ ಹೋಗಬೇಕು?

ಘಟ್ಟದ ಮರಗಳ ಪರಿಚಯಕ್ಕೆ ಮಂಗಳೂರಿನ ಪಿಲಿಕುಳದ ಸಸ್ಯವನ ಒಳ್ಳೆಯದು. ಉಳಿದಂತೆ ನಿಮ್ಮ ಮನೆ ಹತ್ತಿರದ ಯಾವ ಪದವು ಆದರೂ ಸಾಕು, ಆದರೆ ಎರಡು ಸಲ ಹೋಗಿ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ. ಮಾರ್ಚ್‌ನಲ್ಲಿ ಹೋದಾಗ ಒಣಗಿದ ಮುಳಿಯ ಬುಡವನ್ನು ಕೈಯಿಂದ ಸರಿಸಿ ನೋಡಿ. ಬೆರಳುದ್ದದ, ತುದಿ ಸುಟ್ಟಂತಿರುವ ಒಂದು ಕಡ್ಡಿ, ಅದರ ಬುಡದಲ್ಲಿ ಒಂದು ಕೆಂಪು ಚಿಗುರು ಕಾಣಬಹುದು. ಈ ವರ್ಷ ಹುಟ್ಟಿದ್ದು ಅಂದುಕೊಂಡು ಕೀಳಬೇಡಿ. ಮೂರು ನಾಲ್ಕು ಬೇಸಿಗೆ ದಾಟಿದ ನೆಲ್ಲಿ ಅದಾಗಿರಬಹುದು.